ಕಾವಲಿನ ದೀರ್ಘ

ಕಫ್ರ್ ಶಲ್ಬಿಯ ಮಾಳಿಗೆಗಳ ಮೇಲೆ ಕೋಳಿಗಳದೇ ಒಂದು ಊರು.
ಕೆಳಗೆ ಮನುಷ್ಯರು, ನಡುವೆ ಒಣಹಾಕಿದ ಬಟ್ಟೆ, ಮೇಲೆ ಕೊಕ್ಕು.
ಏಣಿ ಹತ್ತಿ ಬರುತ್ತಾಳೆ ಇನ್ಶಿರಾಹ್,
ಭುಜಕ್ಕೆ ನೀಲಿ ಐಸುಪೆಟ್ಟಿಗೆ, ಹಲ್ಲಲ್ಲಿ ಸೂಜಿಯ ಮುಚ್ಚಳ,
ಒಂದೊಂದೇ ಕತ್ತಿನ ಚರ್ಮ ಎತ್ತಿ
ಅರ್ಧ ಮಿಲಿ, ಅರ್ಧ ಮಿಲಿ.

ರತೀಬಾ ಬಾತುಗಳನ್ನು ನೀರಿನ ಡ್ರಮ್ಮಿನ ಹಿಂದೆ ಬಚ್ಚಿಟ್ಟಿದ್ದಾಳೆ.
ಹೋದ ಸಲ ಚುಚ್ಚಿಸಿದ ಮಾರನೆಯ ದಿನ ಮೂರು ಸತ್ತವಂತೆ,
ಸೂಜಿಯಿಂದಲ್ಲ ಎಂದರೆ ಕೇಳುವವಳಲ್ಲ.
'ಇಪ್ಪತ್ತು ಕೋಳಿ. ಬೇರೇನಿಲ್ಲ. ಬರೆದುಕೋ.'
ಡ್ರಮ್ಮಿನ ಹಿಂದಿನಿಂದ ಒಂದು ಕ್ವಾಕ್.
ಇನ್ಶಿರಾಹ್‌ಗೆ ಕೇಳಿಸಿತು. ಇಪ್ಪತ್ತು ಎಂದೇ ಬರೆದಳು.
ಇನ್ನೂ ಒಂಬತ್ತು ಮಾಳಿಗೆ ಬಾಕಿ; ಐಸು ಕರಗುತ್ತಿತ್ತು.

ಊರಿಗೆ ಅರ್ಧ ಕಾವಲು ಬಿತ್ತು.

ವೈರಸ್ಸಿನದು ಎಂಟೇ ಹಾಳೆಯ ಪುಸ್ತಕ.
ನಕಲು ಮಾಡುವವನು ಅವಸರದ ಗುಮಾಸ್ತ:
ಬರೆದದ್ದನ್ನು ತಿರುಗಿ ಓದುವವನಲ್ಲ, ರಬ್ಬರು ಇಟ್ಟುಕೊಂಡವನಲ್ಲ.
ಇಲ್ಲಿ ಒಂದು ಕೊಂಬು ಜಾರಿತು, ಅಲ್ಲಿ ಒಂದು ಒತ್ತು.
ಬಹುಪಾಲು ತಪ್ಪುಗಳು ಹುಟ್ಟಿದಲ್ಲೇ ಮಣ್ಣು,
ಓದಲಾಗದ ಓಲೆಗೆ ಯಾವ ಜೀವಕೋಶ ಬಾಗಿಲು ತೆರೆದೀತು?
ಒಮ್ಮೆ ಮಾತ್ರ, ನಮ್ಮ ಲಿಪಿಯಲ್ಲಿ ಹೇಳುವುದಾದರೆ,
ಕಾವಲು ಎಂದು ಬರೆಯುವಲ್ಲಿ
ದೀರ್ಘ ಬಿಟ್ಟುಹೋಯಿತು.
ಕವಲು ಎಂದಾಯಿತು.
ತಪ್ಪೇ. ಆದರೆ ಓದಿಸಿಕೊಳ್ಳುವ ತಪ್ಪು.

ಒತ್ತಡ ಬರೆಯುವುದಿಲ್ಲ, ಅದಕ್ಕೆ ಅಕ್ಷರ ಬಾರದು.
ಕೋಳಿಯ ರಕ್ತದಲ್ಲಿ ಹಳೆಯ ಪಟವೊಂದನ್ನು ಹಿಡಿದು
ನಿಂತಿದ್ದಾರೆ ಕಾವಲಿನವರು:
ಈ ಮೂಗು, ಈ ಹುಬ್ಬು, ಕೆನ್ನೆಯ ಈ ಮಚ್ಚೆ.
ಮಚ್ಚೆಯಿದ್ದವೆಲ್ಲ ಸಿಕ್ಕಿಬಿದ್ದವು.
ಗುಮಾಸ್ತನ ಕೈ ಜಾರಿ ಮಚ್ಚೆಯಿಲ್ಲದೆ ಹುಟ್ಟಿದ್ದು ಒಂದು,
ಸಲಾಂ ಹೇಳಿ ದಾಟಿತು.
ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುತ್ತದೆ
ಎಂದು ಅದರ ಜಾಣತನ ಹೊಗಳಬೇಡಿ.
ಕೋಟಿ ಕೋಟಿ ತೂರಿ, ಪುಡಿ ಕದಡಿ, ಸತ್ತವು.
ಕದಡದೆ ಉಳಿದದ್ದಕ್ಕೆ
ತಾನು ಉಳಿದದ್ದೂ ತಿಳಿಯದು.

ಕೈರೋದಲ್ಲಿ, ದುಕ್ಕಿಯ ಪ್ರಯೋಗಾಲಯದ ಮೂರನೆಯ ಮಹಡಿಯಲ್ಲಿ
ಬಸ್ಯೂನಿ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಕದಡುತ್ತ
ಪರದೆಯ ಮೇಲೆ ಅಕ್ಷರ ಓದುತ್ತಾನೆ.
ವೈರಸ್ಸಿನ ತಲೆಯ ಗುಬುಟಿಗೆ
ಹೊಸದೊಂದು ಸಕ್ಕರೆಯ ಮುಸುಕು ಬಂದಿದೆ,
ಪಟ ಹಿಡಿದವರಿಗೆ ಇನ್ನು ಹುಬ್ಬೂ ಕಾಣದು.
ಕುಡಿಯಲಿಲ್ಲ. ಚಹಾ ಆರಿತು.

ಗೋಡೆಯ ಮೇಲೆ ಅವನ ವಂಶವೃಕ್ಷ.
ಸಮುದ್ರ ಹತ್ತಿರವಾದಂತೆ ಒಡೆದುಕೊಳ್ಳುವ ನೈಲ್ ನದಿಯ ಹಾಗೆ
ಎರಡಾಗಿ ಹರಿದಿದೆ:
ಒಂದು ಕವಲು ಸೂಜಿ ಕಾಣದ ಹಕ್ಕಿಗಳದು,
ಇನ್ನೊಂದು ಸೂಜಿ ಕಂಡವುಗಳದು.
ಎರಡನೆಯದು ಉದ್ದ. ಇದನ್ನು ವರದಿಯಲ್ಲಿ ಹೇಗೆ ಬರೆಯುವುದು?
ಕಾವಲು ಬೇಡವೆಂದು ಓದಿಕೊಂಡರೆ? ಬೇಕು, ಪೂರ್ತಿ ಬೇಕು,
ಪಟ ಹೊಸದಿರಬೇಕು. ಎಷ್ಟು ಒತ್ತಿ ಬರೆದರೂ
ಓದುವವರು ತಮಗೆ ಬೇಕಾದ ದೀರ್ಘ ಬಿಟ್ಟು ಓದುತ್ತಾರೆ.

ಫೋನು ಮಾಡಿದ. 'ಆ ಮಾಳಿಗೆಯಲ್ಲಿ ಬಾತು ಇದ್ದವೇ?'
ಆ ಕಡೆ ಯಾರೋ ಕತ್ತೆಗಾಡಿಗೆ ದಾರಿ ಬಿಡಿ ಎಂದು ಕೂಗುತ್ತಿದ್ದರು.
'ಇಪ್ಪತ್ತು ಎಂದು ಬರೆದಿದೆ' ಅಂದಳು ಇನ್ಶಿರಾಹ್.
ಯಾರೂ ತಿರುಗಿ ಓದದ ಅವಳ ಅಂಕಿ
ಆಗಲೇ ತಾಲ್ಲೂಕು, ಜಿಲ್ಲೆ, ಸಚಿವಾಲಯದ ನಕಲುಗಳಲ್ಲಿ
ಆರೋಗ್ಯವಾಗಿ ಬೆಳೆದಿತ್ತು.

ಮುಂದಿನ ಚಳಿಗೆ ಹೊಸ ಸೀಸೆ, ಹೊಸ ಪಟ.
ಅದು ತಯಾರಾಗುವಷ್ಟರಲ್ಲಿ ಆ ಮುಖಕ್ಕೂ ವಯಸ್ಸಾಗಿತ್ತೋ ಏನೋ.
ಅದೇ ಏಣಿ. ಹನ್ನೊಂದನೆಯ ಮೆಟ್ಟಿಲು ಈಗಲೂ ಅಲ್ಲಾಡುತ್ತದೆ.
'ಎಷ್ಟು?'
'ಇಪ್ಪತ್ತು.'
ಇನ್ಶಿರಾಹ್ ಲೇಖನಿ ಎತ್ತಿ ಹಿಡಿದು ಕಾದಳು,
ಈ ಸಲ ಕೇಳಿಸಿದರೆ ಬರೆಯಬೇಕೆಂದು.

ಡ್ರಮ್ಮಿನ ಹಿಂದೆ ಸದ್ದಿಲ್ಲ.
ಕೂಗುತ್ತಿದ್ದ ಬಾತನ್ನು ರತೀಬಾ ಹೋದ ಹಬ್ಬಕ್ಕೇ ಕೊಯ್ದು
ಮುಲೂಖಿಯಾ ಸಾರಿನ ಜೊತೆ ಬಡಿಸಿದ್ದಳು.
ಉಳಿದವು ಕೂಗದವು.
ಅವು ಮೊಟ್ಟೆಯಿಟ್ಟಿದ್ದವು.