ಎಡಗೈಯ ಪರದೆ

ವಿರಾಜಪೇಟೆಯ ಗಡಿಯಾರ ಕಂಬ ದಾಟಿ
ಎರಡನೇ ತಿರುವು,
ಟಯರ್ ಅಂಗಡಿಯ ಮೇಲೆ ನಮ್ಮ ಆಫೀಸು.
ಕೆಳಗೆ ಗಾಳಿ ತುಂಬುವ ಸದ್ದು,
ಮೇಲೆ ನಾನು, ಊರವರ ಮನೆಗಳಿಗೆ ಗೋಡೆ ಎಳೆಯುವವಳು.
ಹನ್ನೊಂದು ವರ್ಷ. ಎಡಗೈ.

ಎಡಚಿಯ ಪರದೆಯೇ ಬೇರೆ.
ಲೇಯರುಗಳ ಪಟ್ಟಿ ಎಡದಂಚಿಗೆ,
ಅಳತೆಯ ಗುಂಡಿಗಳು ಅದರ ಕಾಲಬುಡಕ್ಕೆ,
ಕಮಾಂಡಿನ ಸಾಲು ಮಾತ್ರ ನೆತ್ತಿಯ ಮೇಲೆ,
ಕೆಳಗಿದ್ದರೆ ಕನ್ನಡಕದ ಗೆರೆ ಅಡ್ಡ ಬರುತ್ತದೆ.
ಅಳಿಸುವ ಗುಂಡಿಯನ್ನು ಬೇಕೆಂದೇ ದೂರ ಇಟ್ಟಿದ್ದೇನೆ.
ಅಲ್ಲಿಗೆ ಹೋಗುವಷ್ಟರಲ್ಲಿ
ಒಮ್ಮೆ ಯೋಚನೆ ಬರಲಿ ಅಂತ.

ನೋಡಿದವರು ಇದೆಂಥ ಅಸ್ತವ್ಯಸ್ತ ಅನ್ನುತ್ತಾರೆ.
ಸೀರೆಯ ನೆರಿಗೆಯನ್ನು ಬೆನ್ನಿಗೆ ಸಿಕ್ಕಿಸುವ ನಮ್ಮನ್ನೂ
ಘಟ್ಟದ ಕೆಳಗಿನವರು ಹಾಗೇ ನೋಡುವುದು.
ಕಾವೇರಮ್ಮೆ ಹರಿದು ಹೊರಟಾಗ
ತಡೆಯಲು ನಿಂತವರ ನೆರಿಗೆ ಹಿಂದಕ್ಕೆ ಸರಿಯಿತಂತೆ.
ಯಾರೂ ಮತ್ತೆ ಮುಂದಕ್ಕೆ ಎಳೆದುಕೊಳ್ಳಲಿಲ್ಲ.
ನೀರು ಜೋಡಿಸಿದ್ದನ್ನು
ಹಾಗೇ ಸೇವ್ ಮಾಡಿಕೊಂಡ ಹೆಂಗಸರು.

ನನ್ನದೋ, ದಿನಾ ಕೆಡುತ್ತಿತ್ತು.
ಒಂದೇ ಕಂಪ್ಯೂಟರು, ಎರಡು ಪಾಳಿ.
ಮಧ್ಯಾಹ್ನಕ್ಕೆ ಉನೈಸ್ ಬರುತ್ತಾನೆ,
ಪಾಲಿಟೆಕ್ನಿಕ್ ಮುಗಿಸಿದ ಹುಡುಗ, ಬಲಗೈ.
ಬೆಳಗ್ಗೆ ನೋಡಿದರೆ
ಪಟ್ಟಿ ನಡುಪರದೆಯಲ್ಲಿ ತೇಲುತ್ತಿರುತ್ತದೆ
ಯಾರದೋ ಅಂಗಳಕ್ಕೆ ನುಗ್ಗಿದ ದನದ ಹಾಗೆ.
"ನಾನಲ್ಲ ಅಕ್ಕ, ತಾನಾಗಿ ಜಾರಿತು."
ಇರಬಹುದು.
ನಮ್ಮಲ್ಲಿ ಬೆಟ್ಟವೇ ಜಾರಿದೆ.

ಆಮೇಲೆ ಕಲಿತೆ.
ವರ್ಕ್‌ಸ್ಪೇಸಿಗೆ ನನ್ನ ಹೆಸರನ್ನೇ ಕೊಟ್ಟೆ: ಚೋಂದಮ್ಮ.
ಮೂಲೆಯ ಪುಟ್ಟ ಬೀಗದ ಚಿತ್ರ ಒತ್ತಿ
ಪಟ್ಟಿಗಳನ್ನೆಲ್ಲ ಕಟ್ಟಿಹಾಕಿದೆ.
ಫೈಲಿಗೆ 'ಓದಲು ಮಾತ್ರ' ಎಂಬ ಗುರುತು.
ಉನೈಸನಿಗೆ ಅವನದೇ ಒಂದು, ಬೇರೆ ಹೆಸರಿನಲ್ಲಿ.
ನನ್ನದರ ಒಂದು ಪ್ರತಿ ಹಳೆಯ ಬಿಲ್ಲುಗಳ ಫೋಲ್ಡರಿನೊಳಗೆ,
ಇನ್ನೊಂದು ಪೆನ್‌ಡ್ರೈವಿನಲ್ಲಿ, ಎರಡಕ್ಕೂ ಪಾಸ್‌ವರ್ಡ್,
ಪೆನ್‌ಡ್ರೈವ್ ಅಡುಗೆಮನೆಯಲ್ಲಿ
ಕಾಚಂಪುಳಿ ಬಾಟಲಿಯ ಹಿಂದೆ.
ಪಂದಿಕರಿ ಮಾಡುವ ದಿನ ಬಿಟ್ಟು
ಯಾರೂ ಕೈಹಾಕದ ಜಾಗ.

ಎರಡು ವರ್ಷ ನಿಶ್ಚಿಂತೆ.

ಮೊನ್ನೆ ಸೋಮವಾರ ಚಂಗಪ್ಪ ಸರ್
ಎಲ್ಲ ಒರೆಸಿ ಹೊಸ ಆವೃತ್ತಿ ಹಾಕಿಸಿದರು.
ತೆರೆದರೆ, ಕಾರ್ಖಾನೆಯಿಂದ ಆಗಷ್ಟೇ ಬಂದ ಮುಖ,
ಯಾರ ಕೈಯನ್ನೂ ಅರಿಯದ್ದು.
ಗುಂಡಿಗಳು ತಂತಮ್ಮ ಸಾಲಿನಲ್ಲಿ ಕೂತು
ನನ್ನನ್ನೇ ಹೊಸಬಳಂತೆ ನೋಡಿದವು.
ಬಿಟ್ಟಂಗಾಲದ ಮಾಚಯ್ಯನವರ ಮನೆಗೆ
ಸಂಜೆಯೊಳಗೆ ಮೆಟ್ಟಿಲು ಆಗಬೇಕು.
ಮನೆಗೆ ಹೋಗಿ ಪೆನ್‌ಡ್ರೈವ್ ತಂದೆ, ಸಿಕ್ಕಿಸಿದೆ.
ಪಾಸ್‌ವರ್ಡ್ ಕೇಳಿತು.

ಮಗಳು ಹುಟ್ಟಿದ ತಾರೀಕು. ಅಲ್ಲ.
ಒಕ್ಕದ ಹೆಸರು. ಅಲ್ಲ.
ಸತ್ತ ನಾಯಿಯ ಹೆಸರು, ದೊಡ್ಡಕ್ಷರದಲ್ಲಿ, ಸಣ್ಣಕ್ಷರದಲ್ಲಿ.
ಅಲ್ಲ, ಅಲ್ಲ.
ನನ್ನ ಬಾಗಿಲಲ್ಲಿ ನಾನೇ ನೆಂಟಳಂತೆ ನಿಂತೆ.

ಊಟದ ಡಬ್ಬಿ ಮುಚ್ಚುತ್ತ ಉನೈಸ್
ನೆಲ ನೋಡಿಕೊಂಡು ಕೇಳಿದ:
"ಅಮ್ಮತ್ತಿ ಬಸ್ಸಿನ ನಂಬರಲ್ವಾ ಅಕ್ಕ?"

ಹೌದು. ಏಳು ವರ್ಷ ನಾನು ಹತ್ತಿ ಇಳಿದ ಬಸ್ಸು.
ಹೋದ ವರ್ಷ ಗುಜರಿಗೆ ಹೋಯಿತು,
ನನ್ನ ನೆನಪನ್ನೂ ಹತ್ತಿಸಿಕೊಂಡು.
"ಒತ್ತುವಾಗ ನಿಮ್ಮ ತುಟಿ ಅಲ್ಲಾಡ್ತದೆ.
ಆ ಬಸ್ಸಿಗೆ ನನ್ನ ಮಾವ ಡ್ರೈವರ್ ಇದ್ದದ್ದು."
ಯಾವಾಗಿನಿಂದ ಗೊತ್ತು?
"ನೀವು ಹಾಕಿದ ದಿನದಿಂದ.
ಬಿಲ್ಲುಗಳ ಫೋಲ್ಡರೂ ಗೊತ್ತಿತ್ತು."

ಬೀಗ ನನ್ನದು.
ಕಾವಲು ಅವನದಿತ್ತು, ಸಂಬಳವಿಲ್ಲದೆ.

ಕೆಎ ಹನ್ನೆರಡು, ಮುಂದಿನದು ಇಲ್ಲಿ ಬರೆಯುವುದಿಲ್ಲ.
ಪಟ್ಟಿ ಎದ್ದು ಎಡದಂಚಿಗೆ ಹೋಗಿ ಕೂತಿತು,
ಕಮಾಂಡಿನ ಸಾಲು ನೆತ್ತಿಗೆ,
ಅಳಿಸುವ ಗುಂಡಿ ದೂರಕ್ಕೆ.
ಮೆಟ್ಟಿಲು ಎಳೆದೆ, ಹದಿನೇಳು.
ಕೊನೆಯದು ಅರ್ಧ ಇಂಚು ಎತ್ತರ ಬಂತು,
ತಿದ್ದಿದೆ.
ಪಾಸ್‌ವರ್ಡ್ ಬದಲಾಯಿಸಲಿಲ್ಲ.