ಟಾವೆಲ್ಲಿನ ಕೆಳಗ

ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದ, ಪಂಕ್ಚರ್ ಅಂಗಡಿಗೆ ಅಂಟಿಕೊಂಡು
ನನ್ನ ಝೆರಾಕ್ಸ್ ಅಂಗಡಿ: ಒಂದು ಮಷೀನು, ಒಂದು ಕಂಪ್ಯೂಟರು,
ಗಿರಾಕಿಗೆ ಕಾಲು ಅಲಗಾಡೋ ಸ್ಟೂಲು.

ಅವತ್ತು ಸಾಲಿ ಹುಡುಗರ ಐಡಿ ಕಾರ್ಡಿನ ಕೆಲಸ.
ಆರುನೂರಾ ಹನ್ನೆರಡು ಫೋಟೊ.
ಕ್ಯಾಮೆರಾ ಇಟ್ಟ ಹೆಸರು ಅಳಿಸಿ ರೋಲ್ ನಂಬರ್ ಇಡಬೇಕು.
ಬಲಗಡೆ ಒತ್ತು, ಹೆಸರು ಬದಲಿಸು, ಬರಿ, ಮತ್ತ ಒತ್ತು.
ಮುಂಜಾನಿಂದ ತೊಂಬತ್ತನಾಕು ಮುಗಿಸಿದ್ದೆ.
ಚಾದ ಮ್ಯಾಲೆ ಕೆನಿ ಕಟ್ಟಿತ್ತು.
ಮಣಿಕಟ್ಟಿನಾಗ ಒಂದು ನೋವು,
ಅದಕ್ಕೂ ಒಂದು ರೋಲ್ ನಂಬರ್ ಕೊಡಬಹುದಿತ್ತು.

ಪ್ರಿಂಟರ್ ರಿಪೇರಿಗೆ ಬಂದ ಮುಲ್ಲಾರ ದಾದಾಪೀರ
ಹಿಂದ ನಿಂತು ನೋಡಿದ, ನೋಡಿದ, ತಡಕೊಳ್ಳಾಕ ಆಗಲಿಲ್ಲ.
"ಸರೀರಿ ಅಕ್ಕಾ" ಅಂದ.
ಒಂದು ಕರಿ ಕಿಟಕಿ ತೆಗೆದ.
ಚಿತ್ರ ಇಲ್ಲ, ಗುಂಡಿ ಇಲ್ಲ, ಬಾಣ ಇಲ್ಲ,
ಕಣ್ಣು ಮಿಟುಕಿಸೋ ಒಂದು ಗೀಟು ಮಾತ್ರ.
ಒಂದು ಸಾಲು ಬರದ. ಎಂಟರ್ ಒತ್ತಿದ.
ಉಳಿದ ಐನೂರಾ ಹದಿನೆಂಟೂ
ಪ್ರಾರ್ಥನಿಗೆ ನಿಂತ ಹುಡುಗರಂಗ ಸಾಲಾಗಿ ನಿಂತುಬಿಟ್ಟವು.

ಖುಷಿ ಆಗಬೇಕಿತ್ತು. ಸಿಟ್ಟು ಬಂತು.
ಏಳು ವರ್ಷ ಒಂದೊಂದಾಗಿ ಒತ್ತಿದ್ದೆಲ್ಲ ಹಂಗಾದ್ರ ಏನು?

"ಕಲೀರಿ ಅಕ್ಕಾ. ಕಂಪ್ಯೂಟರ್ ಮುಟ್ಟೋ ಎಲ್ಲಾರೂ ಕಲೀಬೇಕು ಇದನ್ನ."
"ಯಾಕಪಾ ಎಲ್ಲಾರೂ?
ರಾಣೆಬೆನ್ನೂರಿಗೆ ಹೋಗಾಕಿ ಬಸ್ಸಿನ ಗೇರ್ ಕಲತು ಹೋಗತಾಳೇನು?
ಪಹಣಿ ತಗೊಳ್ಳಾಕ ಬಂದ ಮುದುಕ
ಆ ಕರಿ ಬಾವ್ಯಾಗ ಇಣುಕಬೇಕೇನು?
ಒಂದು ಅಕ್ಷರ ತಪ್ಪಿದರ ಏನಾಕ್ಕೈತಿ, ಅದನ್ನ ಹೇಳು ಮೊದಲು."
ಅಂವ ತಲಿ ಕೆರಕೊಂಡ. "ಒಮ್ಮೊಮ್ಮೆ ಎಲ್ಲಾ ಹೋಗತಾವ್ರಿ.
ಖರೇ ಏನು ಅಂತ ಕೇಳೂದಿಲ್ಲ ಅದು."

ಸ್ಟೂಲಿನ ಮ್ಯಾಲೆ ಪಿಂಚಣಿ ಕಾಗದ ಹಿಡಕೊಂಡು ಕುಂತಿದ್ದ
ದನದ ಸಂತಿ ದಲ್ಲಾಳಿ ದ್ಯಾವಪ್ಪಜ್ಜ ನಕ್ಕ.
"ಇದು ಟಾವೆಲ್ಲಿನ ಕೆಳಗಿನ ಮಾತು" ಅಂದ.

ನಲವತ್ತು ವರ್ಷ ಎತ್ತಿನ ರೇಟು ಬಾಯಿಲೆ ಆಡಿದಾಂವ ಅಲ್ಲ ಅಜ್ಜ.
ಟಾವೆಲ್ಲಿನ ಕೆಳಗ ಕೈಗೆ ಕೈ.
ಬೆರಳು ಹಿಡದರ ಸಾವಿರ, ಗೆಣ್ಣು ಒತ್ತಿದರ ನೂರು.
ಸುತ್ತ ನಿಂತವರಿಗೆ ಅರಿವಿ ಅಲಗೂದು ಕಾಣತಿತ್ತು,
ರೇಟು ಕಾಣತಿದ್ದಿಲ್ಲ.

"ನನ್ನ ಹೇಣ್ತಿ ತವರಿಂದ ತಂದ ಆಕಳಾ ಮಾರಿದೆ ಒಮ್ಮೆ.
ಎಷ್ಟಕ್ಕ ಹೋತು ಅಂದಳು. ಇನ್ನೂರು ಕಡಿಮಿ ಹೇಳಿದೆ."
ನನ್ನ ಆರಿದ ಚಾ ಎತ್ತಿ ಅಂವನ ಕುಡದ.
"ನಂಬಿದಳು. ನಂಬಿದ್ದಕ್ಕ ನನಗ ನಿದ್ದಿ ಹತ್ತಲಿಲ್ಲ.
ದೀಪಾ ಆರಿಸಿ, ಕೌದಿ ಒಳಗ ಆಕಿ ಕೈ ಹಿಡದು
ಒಂದೊಂದ ಗೆಣ್ಣು ಕಲಿಸಿದೆ.
ಸಂತಿಗೆ ಆಕಿ ಒಂದು ದಿನಾನೂ ಬರಲಿಲ್ಲ. ಬರೂದು ಬೇಕಾಗಿದ್ದಿಲ್ಲ.
ಆದರ ಅವತ್ತಿಂದ ಎಷ್ಟಕ್ಕ ಹೋತು ಅಂತ ಕೇಳೂದೂ ಬಿಟ್ಟಳು,
ಬರೇ ಕೈ ಚಾಚತಿದ್ದಳು.
ಬಾಯಿ ಹೇಳಿದಷ್ಟು ಸಲೀಸ ಬೆರಳು ಸುಳ್ಳು ಹೇಳೂದಿಲ್ಲ ತಂಗೀ."

ದಾದಾಪೀರ ಸುಮ್ಮನ ರೋಲರ್ ಒರಸಿಕೋತ ಕುಂತ.
ನಾನು ಹಾಳಾದ ಒಂದು ಝೆರಾಕ್ಸಿನ ಬೆನ್ನಿಗೆ
ಅಂವ ಬರದ ಸಾಲು ಇದ್ದಂಗ ಇಳಿಸಿಕೊಂಡೆ,
ಚುಕ್ಕಿ, ಓರೆ ಗೀಟು, ನಕ್ಷತ್ರ, ನಡುವಿನ ಖಾಲಿ ಜಾಗಾನೂ.
ಯಾವದು ಏನು ಮಾಡತೈತಿ ಅಂತ ಕೇಳಿದೆ.
ಮೂರು ತಿಳದವು. ನಕ್ಷತ್ರ ತಿಳೀಲಿಲ್ಲ.

ಇಬ್ಬರೂ ಹೋದ ಮ್ಯಾಲೆ ಕರಿ ಕಿಟಕಿ ತೆಗೆದು ನನ್ನ ಹೆಸರು ಬರದೆ.
ಇಂಥಾದ್ದು ನನಗ ಗೊತ್ತಿಲ್ಲ ಅಂತು.
ಇರಲಿ. ನನಗೂ ನೀ ಅಷ್ಟೇನು ಗೊತ್ತಿಲ್ಲ.

ಅಷ್ಟರಾಗ ಹೆಲ್ಮೆಟ್ ತೆಗೀದನ ಒಬ್ಬಾಂವ ಬಾಗಿಲಾಗಿಂದ:
"ಹಿಂದ ಮುಂದ, ಎರಡೆರಡು, ಪಿನ್ ಬ್ಯಾಡ, ಲಗೂನ."
ಚಿತ್ರ ಇಲ್ಲ, ಗುಂಡಿ ಇಲ್ಲ. ಯಾರು ಕಲಿಸಿದ್ದರು ಅಂವಗ?
"ಒಂದ ಹಾಳಿ ಮ್ಯಾಲೆ, ಖರೇ ಏನು?" ಅಂತ ಕೇಳಿದೆ ನಾನು,
ಒತ್ತೂಕಿಂತ ಮೊದಲು.