ಹೋಲ್ಡ್‌ಓವರ್, ಯೂಕ್ಲಾ

ಕಾಲ್ಗೂರ್ಲಿಯಿಂದ ಒಂಬೈನೂರು ಕಿಲೋಮೀಟರು
ಬಂದಿದ್ದೇನೆ, ಒಂದು ಹಳದಿ ದೀಪ ನೋಡಲು.

ತಗಡಿನ ಗೂಡು. ಒಳಗೆ ಫ್ಯಾನಿನ ಗೊಣಗು, ಇಲಿಹಿಕ್ಕೆ,
ರ‍್ಯಾಕಿನ ನಡುವೆ ಪುಸ್ತಕದಗಲದ ಪೆಟ್ಟಿಗೆ.
ಈ ಬಯಲಿನಲ್ಲಿ ಯಾರೇ ಫೋನೆತ್ತಿ ಹಲೋ ಅಂದರೂ
ಆ ಹಲೋ ಚೂರಾಗದಂತೆ ತಾಳ ಹಾಕುವುದು ಇದೇ.

ಕಣ್ಬಿಟ್ಟಾಗ ಇದಕ್ಕೆ ಯಾರ ಗೊಡವೆಯೂ ಇರಲಿಲ್ಲ.
ತನ್ನ ಹರಳು ಕುಣಿದದ್ದೇ ಹೊತ್ತು. ಅದು ಫ್ರೀ ರನ್.
ಆಮೇಲೆ ಕಿವಿಗೊಟ್ಟಿತು,
ನಾಲ್ಕು ಉಪಗ್ರಹ ಒಂದೇ ಮಾತು ಹೇಳುವವರೆಗೆ.
ಆಮೇಲೆ ಹಸಿರು. ಲಾಕ್.
ಆರು ವರ್ಷ ಹಸಿರು.

ಹನ್ನೊಂದು ದಿನದ ಹಿಂದೆ ಒಂದು ಗುಲಾಬಿ ಕಾಕಟೂ
ಚಾವಣಿ ಮೇಲಿನ ಆಂಟೆನಾದ ಕೇಬಲ್ಲನ್ನು
ಕಬ್ಬಿನ ಜಲ್ಲೆಯಂತೆ ಸಿಗಿದು ಹಾಕಿತು.
ಆಕಾಶದ ಮಾತು ನಿಂತಿತು.
ಪೆಟ್ಟಿಗೆ ನಿಲ್ಲಲಿಲ್ಲ.

ಕೊನೆಗೆ ಕೇಳಿದ್ದನ್ನು ಬಾಯಿಪಾಠ ಹೇಳಿಕೊಳ್ಳುತ್ತ,
ಬಿಸಿಲೇರಿದರೆ ಹರಳು ಇಷ್ಟು ಓಡುತ್ತದೆ,
ಬೆಳಗಿನ ಜಾವಕ್ಕೆ ಇಷ್ಟು ಹಿಂಜರಿಯುತ್ತದೆ ಎಂದು
ತನ್ನ ತಪ್ಪನ್ನು ತಾನೇ ಕಳೆಯುತ್ತ,
ಕೆಳಗಿನವರಿಗೆಲ್ಲ ಹೇಳುತ್ತಲೇ ಇತ್ತು: ಇಗೋ, ಈಗ. ಇಗೋ, ಈಗ.
ಜೊತೆಗೆ, ಸಣ್ಣ ದನಿಯಲ್ಲಿ:
ನನ್ನನ್ನು ನಿನ್ನೆಯಷ್ಟು ನಂಬಬೇಡಿ.

ಲಾಗ್‌ಬುಕ್ಕಿನಲ್ಲಿ, ನನಗಿಂತ ಮೊದಲಿದ್ದ ಕ್ಲೈವ್ ಟ್ರೆಮೇನನ ಪೆನ್ಸಿಲ್:
"ಹಳದಿ ಇದ್ದರೆ ರೀಸೆಟ್ ಒತ್ತಬೇಡ.
ಒತ್ತಿದರೆ ಕಲಿತದ್ದೆಲ್ಲ ಮರೆಯುತ್ತದೆ."
ಒತ್ತಲಿಲ್ಲ.

ಕೇಬಲ್ ಬದಲಿಸಿ, ಏಣಿ ಇಳಿದು, ರೋಡ್‌ಹೌಸಿಗೆ ನಡೆದೆ.
ಅಲ್ಲಿಯ ಗೋಡೆ ಗಡಿಯಾರ ಪರ್ತಿಗಿಂತ ಮುಕ್ಕಾಲು ಗಂಟೆ ಮುಂದೆ;
ಪರ್ತಿನ ಯಾವ ಕಡತವೂ ಒಪ್ಪದ ಮುಕ್ಕಾಲು ಗಂಟೆ.
ಯಾರು ಹೀಗೆ ಇಟ್ಟದ್ದು, ಕೇಳಿದೆ.
"ನಾನು ಬಂದಾಗಲೇ ಹಾಗಿತ್ತು,"
ಪೈ ತಟ್ಟೆಯ ಪಕ್ಕ ಸಾಸ್ ಇಡುತ್ತ ಅಂದಳು ಲೆನೋರ್.
"ನಡೆಯುತ್ತಿದೆಯಲ್ಲ."

ಮರಳಿದರೆ ಇನ್ನೂ ಹಳದಿ.
ಜಾರಿದ್ದು ಸೆಕೆಂಡಿನ ಲಕ್ಷದಲ್ಲಿ ಎರಡು ಪಾಲು, ಅಷ್ಟೇ.
ಆದರೂ ಒಂದೇ ನೆಗೆತಕ್ಕೆ ಸರಿಯಾಗದು ಅದು,
ನೆಗೆದರೆ ಕೆಳಗಿನವರು ಎಡವುತ್ತಾರೆ.
ಪಂಕ್ತಿಗೆ ತಡವಾಗಿ ಬಂದವನು
ಉಳಿದವರೊಡನೆ ಏಳಬೇಕೆಂದು
ತಲೆಯೆತ್ತದೆ, ಸದ್ದಿಲ್ಲದೆ,
ತುತ್ತು ತುಸು ಬೇಗ ಎತ್ತುತ್ತಾನಲ್ಲ,
ಹಾಗೆ.

ಹಸಿರಾಯಿತು.

ಲಾಗ್‌ಬುಕ್ಕಿನಲ್ಲಿ "ಸಮಯ" ಎಂಬ ಅಂಕಣ.
ಪರ್ತಿನದು ಬರೆಯಲೋ, ಲೆನೋರಳ ಗೋಡೆಯದೋ,
ಈ ಪೆಟ್ಟಿಗೆ ಒಳಗೊಳಗೇ ಎಣಿಸುವುದೋ,
ಪೆನ್ನಿನ ತುದಿ ಕಚ್ಚಿ ಕೂತಿದ್ದೇನೆ.

ಚಾವಣಿ ತಗಡಿನ ಮೇಲೆ
ಉಗುರಿನ ಸದ್ದು.